ಹಾಫ್ ಮೂನ್ ಬೇಯ ಹೆಗ್ಗುಂಬಳಗಳು

ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರು ಸಾಗಿದರೆ ಪೆಸಿಫಿಕ್ ಸಾಗರದ ದಂಡೆಯಲ್ಲಿ ಹಾಫ್ ಮೂನ್ ಬೇ ಎಂಬ ಪುಟ್ಟ ಊರು ಸಿಗುತ್ತದೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಡಲು, ನಡುವೆ ಬೇಸಾಯದ ಭೂಮಿ. ಕಾಸರಗೋಡಿನವರಾದ ನಮಗೆ ಈ ನೋಟ ಅಪರಿಚಿತವೆನಿಸಲಿಲ್ಲ. ಮಗನ ಮನೆಯಲ್ಲಿ ತಂಗಿದ್ದ ನಾವು ಅಕ್ಟೋಬರ್ ತಿಂಗಳಲ್ಲಿ ಅಲ್ಲಿಗೆ ಹೋದದ್ದು ಕುಂಬಳಕಾಯಿಗಳನ್ನು ನೋಡುವುದಕ್ಕಾಗಿ.

ಈ ಊರಿನಲ್ಲಿ ಕುಂಬಳದ ಉತ್ಸವವು 1971ರಲ್ಲಿಯೂ ತೂಕದ ಸ್ಪರ್ಧೆಯು 1974ರಲ್ಲಿಯೂ ಆರಂಭವಾದವು. 2023ರಲ್ಲಿ ಮಿನ್ನೆಸೋಟಾ ರಾಜ್ಯದ ಬೆಳೆಗಾರರೊಬ್ಬರು ತಂದ ಕಾಯಿ 2749 ಪೌಂಡು, ಎಂದರೆ ಸುಮಾರು 1247 ಕಿಲೋಗ್ರಾಂ ತೂಗಿ ವಿಶ್ವದಾಖಲೆ ಸ್ಥಾಪಿಸಿತು. 2025ರಲ್ಲಿ ಇಂಗ್ಲೆಂಡಿನ ಸೋದರರಿಬ್ಬರ ಕಾಯಿ ಅದನ್ನೂ ಮೀರಿಸಿತು. ಕೆನಡಾದ ನೋವಾ ಸ್ಕೋಷಿಯಾದ ಹೊವಾರ್ಡ್ ಡಿಲ್ ಎಂಬ ಕೃಷಿಕರು ರೂಪಿಸಿದ ‘ಅಟ್ಲಾಂಟಿಕ್ ಜಯಂಟ್’ ತಳಿಯೇ ಈ ದೈತ್ಯಕಾಯಿಗಳ ಮೂಲ.

ಇಷ್ಟು ದೊಡ್ಡ ಕಾಯಿಗೆ ಕೊಳೆಯೇ ಪರಮಶತ್ರು. ಕೊಳೆತ ಕಾಯಿಯನ್ನೂ, ಒಳಗಿನ ಪೊಳ್ಳಿನವರೆಗೆ ಬಿರುಕು ಬಿಟ್ಟ ಕಾಯಿಯನ್ನೂ ಸ್ಪರ್ಧೆಗೆ ಪರಿಗಣಿಸುವುದಿಲ್ಲ. ತಿಂಗಳುಗಟ್ಟಲೆ ಮಗುವಿನಂತೆ ಸಾಕಿದ ಶ್ರಮವು ಅಂಗೈಯಗಲದ ಒಂದು ಮೆತ್ತನೆಯ ಕಲೆಯಿಂದ ವ್ಯರ್ಥವಾಗಬಹುದು.

ಸಿಪ್ಪೆಯ ಗೀರು, ಮುರಿದ ತೊಟ್ಟು, ನೆಲಕ್ಕೊತ್ತಿದ ತೇವದ ತಳ: ಬೂಷ್ಟು ಒಳನುಗ್ಗುವುದು ಈ ಮೂರು ಬಾಗಿಲುಗಳಿಂದ. ಆದುದರಿಂದ ಕಾಯಿಯನ್ನು ತೊಟ್ಟು ಹಿಡಿದು ಎತ್ತುವುದಿಲ್ಲ. ಸುತ್ತಲೂ ಅಗಲವಾದ ಪಟ್ಟಿಗಳನ್ನು ಬಿಗಿದು ಯಂತ್ರದಿಂದ ಎತ್ತುತ್ತಾರೆ. ಪ್ರದರ್ಶನಕ್ಕಿಡುವ ಕಾಯಿಯ ಮಣ್ಣು ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಹತ್ತು ಪಾಲು ನೀರು ಬೆರೆಸಿ ಒರೆಸಿ, ಪೂರ್ತಿ ಒಣಗಿಸುತ್ತಾರೆ. ಅನಂತರ ಮರದ ಹಲಗೆಗಳ ಚೌಕಟ್ಟಿನ ಮೇಲೆ ಒಣಹುಲ್ಲು ಹಾಸಿ, ಗಾಳಿಯಾಡುವ ನೆರಳಿನಲ್ಲಿ ಇಡುತ್ತಾರೆ. 10ರಿಂದ 15 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಅದಕ್ಕೆ ಹಿತಕರ. ಬಿಸಿಲು ಕಾಯಿಯನ್ನು ಬೇಗ ಮೆತ್ತಗಾಗಿಸುತ್ತದೆ. ಹಿಮ ಬಿದ್ದರೆ ತಿರುಳು ಹೆಪ್ಪುಗಟ್ಟಿ, ಕರಗುವಾಗ ನೀರಾಗುತ್ತದೆ.

ಇದನ್ನೆಲ್ಲ ಕಂಡಾಗ ನಮ್ಮ ಹಿರಿಯರ ಜಾಣ್ಮೆಗೆ ತಲೆದೂಗಿದೆವು. ಬೇಸಗೆಯ ಗದ್ದೆಯಲ್ಲಿ ಬೆಳೆದ ಸೌತೆಕಾಯಿಯನ್ನು ಬಾಳೆಯ ನಾರಿನಲ್ಲಿ ಕಟ್ಟಿ, ಒಂದಕ್ಕೊಂದು ತಾಗದಂತೆ ಜಂತಿಗೆ ತೂಗುಹಾಕಿ, ಮಳೆಗಾಲದ ಸಾಂಬಾರಿಗೆ ಒದಗಿಸಿಕೊಂಡವರು ಅವರು. ನೆಲದ ತೇವ ಸೋಕಬಾರದು, ಸುತ್ತಲೂ ಗಾಳಿಯಾಡಬೇಕು ಎಂಬ ತತ್ತ್ವ ಎರಡೆಡೆಯೂ ಒಂದೇ. ಟನ್ನು ತೂಗುವ ಕಾಯಿಯನ್ನು ಜಂತಿಗೆ ಕಟ್ಟಲಾಗದು. ಅದಕ್ಕಾಗಿ ಹಲಗೆಯ ಆಸರೆ.

ಜಂತಿಗಳಿಲ್ಲದ ತಾರಸಿ ಮನೆಗಳಲ್ಲಿ ವಾಸಿಸುವ ಬಂಧುಗಳು ಚೀನಿಕಾಯಿಯನ್ನು ಗಟ್ಟಿ ತೊಟ್ಟಿನೊಂದಿಗೆ ಕೊಯ್ದು, ಒಣಹುಲ್ಲು ಹಾಸಿದ ಹಲಗೆಯ ಮೇಲೆ ಬಿಡಿಬಿಡಿಯಾಗಿ ಇರಿಸಬಹುದು. ಹಣ್ಣಾಗುತ್ತಿರುವ ಬಾಳೆಗೊನೆಯ ಬಳಿ ಮಾತ್ರ ಇಡಬಾರದು. ವಾರಕ್ಕೊಮ್ಮೆ ತಳವನ್ನು ಮುಟ್ಟಿ ನೋಡಿ, ಮೆತ್ತಗಾದುದನ್ನು ಅಂದೇ ಅಡಿಗೆಗೆ ಬಳಸಿದರೆ ಉಳಿದವು ಆಟಿಯ ಮಳೆಯನ್ನೂ ದಾಟಿ ಉಳಿದಾವು.