ನೀಲಾಂಜನೆ ಮತ್ತು ಮೇ ದೊಡ್ಡಮ್ಮ

ಪತ್ನಿ ತೀರಿಕೊಂಡು ಐದು ತಿಂಗಳಾಗಿದ್ದಾಗ, ನಾನೊಬ್ಬನೇ ಇರುವುದು ಬೇಡವೆಂದು ಮಗಳು ನನ್ನನ್ನು ನ್ಯೂಜೆರ್ಸಿಗೆ ಕರೆಸಿಕೊಂಡಳು. ಸೂರ್ಯಾಸ್ತಕ್ಕೆ ಮುನ್ನ ಆಹಾರ ಮುಗಿಸುವ ನನ್ನಂಥವರಿಗೆ ಆ ದೇಶದ ಚಳಿಗಾಲ ವಿಚಿತ್ರವಾದುದು. ಸಂಜೆ ನಾಲ್ಕೂವರೆಗೇ ಹೊತ್ತು ಮುಳುಗುತ್ತದೆ. ಊಟವಾದ ಮೇಲೆ ಉಳಿಯುವ ರಾತ್ರಿ ಬಲು ದೀರ್ಘ. ಅಂಥ ಒಂದು ಶನಿವಾರದ ರಾತ್ರಿ ಮನೆಯ ನೆಲಮಾಳಿಗೆಯಿಂದ ಏರುದನಿಯ ವಾಗ್ವಾದ ಕೇಳಿಬಂದಿತು. ಕಾಲೇಜಿನಲ್ಲಿ ಓದುವ ಮೊಮ್ಮಗನೂ ಅವನ ಮೂವರು ಗೆಳೆಯರೂ ಕಾಮಿಕ್ಸ್ ಪುಸ್ತಕಗಳ ಪೆಟ್ಟಿಗೆಗಳ ನಡುವೆ ಕುಳಿತು ಜಗಳವಾಡುತ್ತಿದ್ದರು. ವರ್ಷಗಟ್ಟಲೆ ನಡೆದ ಚಿತ್ರಕಥಾ ಸರಣಿಗಳಲ್ಲಿ ಅತ್ಯುತ್ತಮವಾದುದು ಯಾವುದು, ಅತಿ ಕೆಟ್ಟದ್ದು ಯಾವುದು ಎಂಬುದು ವಿವಾದದ ವಿಷಯ. ನಾನು ಮೆಟ್ಟಿಲಿಳಿದು ಹೋಗಿ ಒಂದು ಮೂಲೆಯಲ್ಲಿ ಕುಳಿತೆ. ಪೂರ್ವಪಕ್ಷ, ಖಂಡನೆ, ಸಿದ್ಧಾಂತ ಎಂಬ ವಾದಕ್ರಮವನ್ನು ಆ ಹುಡುಗರಿಗೆ ಯಾರೂ ಕಲಿಸಿರಲಿಲ್ಲ. ಆದರೂ ಅವರು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು.

ಅತ್ಯುತ್ತಮವಾದುದರ ವಿಷಯದಲ್ಲಿ ಮೂವರದು ಒಂದೇ ಮತ. 1975ರಿಂದ 1991ರವರೆಗೆ ಎಕ್ಸ್-ಮೆನ್ ಕಥೆಗಳನ್ನು ಬರೆದ ಕ್ರಿಸ್ ಕ್ಲೇರ್‌ಮಾಂಟ್, ಚಿತ್ರಕಾರ ಜಾನ್ ಬರ್ನ್ ಅವರೊಡನೆ 1980ರಲ್ಲಿ ಹೆಣೆದ ‘ಡಾರ್ಕ್ ಫೀನಿಕ್ಸ್’ ಸರಣಿ ಅದು. ಜೀನ್ ಗ್ರೇ ಎಂಬ ಯುವತಿ ಅಪಾರವಾದ ಶಕ್ತಿಯನ್ನು ಪಡೆದು, ಅದರ ಮದದಲ್ಲಿ ನಕ್ಷತ್ರವೊಂದನ್ನು ನುಂಗುತ್ತಾಳೆ. ಆ ನಕ್ಷತ್ರವನ್ನು ಆಶ್ರಯಿಸಿದ್ದ ಗ್ರಹದ 500 ಕೋಟಿ ಜೀವಿಗಳು ಅಳಿಯುತ್ತವೆ. ಲೇಖಕರು ಮೊದಲು ಯೋಚಿಸಿದ್ದ ಮುಕ್ತಾಯದಲ್ಲಿ ಅವಳ ಶಕ್ತಿಯನ್ನಷ್ಟೇ ಕಿತ್ತುಕೊಂಡು ಬದುಕಲು ಬಿಡುವುದಿತ್ತು. ಪ್ರಧಾನ ಸಂಪಾದಕ ಜಿಮ್ ಶೂಟರ್ ಒಪ್ಪಲಿಲ್ಲ. ಇಷ್ಟು ಜೀವಗಳನ್ನು ಕೊಂದವಳು ಮನೆಗೆ ಮರಳಿ ಸುಖವಾಗಿರುವುದು ಹೇಗೆ ಎಂಬುದು ಅವರ ಆಕ್ಷೇಪ. ಹೀಗಾಗಿ 137ನೆಯ ಸಂಚಿಕೆಯಲ್ಲಿ ಜೀನ್ ತನ್ನ ಅಂತ್ಯವನ್ನು ತಾನೇ ತಂದುಕೊಳ್ಳುತ್ತಾಳೆ.

ಇದನ್ನು ಕೇಳಿದಾಗ ನನಗೆ ಜನ್ನನ ನೆನಪಾಯಿತು. 1209ರಲ್ಲಿ ರಚಿತವಾದ ಯಶೋಧರ ಚರಿತೆಯ ದೊರೆ ಬಲಿಗೊಟ್ಟದ್ದು ಜೀವವಿದ್ದ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪದಲ್ಲಿ ಹಿಂಸೆಯಿದ್ದ ಕಾರಣ ತಾಯಿಮಕ್ಕಳಿಬ್ಬರೂ ಪ್ರಾಣಿಜನ್ಮಗಳ ಪರಂಪರೆಯಲ್ಲಿ ನರಳಬೇಕಾಯಿತು. ಅಮೆರಿಕದ ಆ ಸಂಪಾದಕರಿಗೆ ಜನ್ನನ ಹೆಸರು ಗೊತ್ತಿರಲಾರದು. ಆದರೆ ಮಾಡಿದ್ದನ್ನು ಉಣ್ಣದೆ ಕಥೆ ಮುಗಿಯಬಾರದೆಂಬ ಅವರ ಹಟ ನಮ್ಮ ಆಚಾರ್ಯರಿಗೆ ಒಪ್ಪಿಗೆಯಾಗುತ್ತಿತ್ತು.

ಆದರೆ ಅದೇ ಸಂಸ್ಥೆ 1986ರ ಹೊತ್ತಿಗೆ ಹೊಸ ಮಾಲಿಕೆಯೊಂದರ ಸಲುವಾಗಿ ಜೀನ್‌ಳನ್ನು ಮರಳಿ ತಂದಿತು. ನಕ್ಷತ್ರವನ್ನು ನುಂಗಿದ್ದು ಅವಳೇ ಅಲ್ಲ, ಅವಳ ರೂಪ ತಾಳಿದ್ದ ಬೇರೊಂದು ಶಕ್ತಿ. ನಿಜವಾದ ಜೀನ್ ಅಷ್ಟು ಕಾಲ ನ್ಯೂಯಾರ್ಕಿನ ಜಮೈಕಾ ಕೊಲ್ಲಿಯ ತಳದಲ್ಲಿ ಒಂದು ಕೋಶದೊಳಗೆ ನಿದ್ರಿಸುತ್ತಿದ್ದಳು ಎಂಬುದು ಹೊಸ ವಿವರಣೆ. ಪಾಪವೂ ಅವಳದಲ್ಲ, ಪ್ರಾಯಶ್ಚಿತ್ತವೂ ಅವಳದಲ್ಲ ಎಂದಾಯಿತು. ನಮ್ಮ ದರ್ಶನದಲ್ಲಿ ಸೃಷ್ಟಿಕರ್ತನಿಲ್ಲ. ಆದ್ದರಿಂದ ಕರ್ಮವನ್ನು ಮನ್ನಾ ಮಾಡುವವನೂ ಇಲ್ಲ. ಈ ಚಿತ್ರಕಥೆಗಳ ಲೋಕದಲ್ಲಾದರೋ ಸಂಪಾದಕನೆಂಬ ಕರ್ತೃವಿದ್ದಾನೆ. ಒಬ್ಬ ಕರ್ತೃ ವಿಧಿಸಿದ ದಂಡವನ್ನು ಕೆಲವು ವರ್ಷಗಳ ನಂತರ ಕರ್ತೃವೇ ಅಳಿಸಿಹಾಕಬಲ್ಲ. ಹುಡುಗರ ಜಗಳದ ಮೂಲ ಇಲ್ಲಿದೆ ಎಂದು ನನಗೆ ಹೊಳೆಯಿತು.

ಅತಿ ಕೆಟ್ಟದ್ದು ಯಾವುದೆಂಬ ಪ್ರಶ್ನೆ ಬಂದಾಗ ಇಬ್ಬರು ಸ್ಪೈಡರ್‌ಮ್ಯಾನ್‌ನ ‘ಕ್ಲೋನ್ ಸಾಗಾ’ದ ಹೆಸರು ಹೇಳಿದರು. 1973ರಲ್ಲಿ ನಾಯಕ ಪೀಟರ್ ಪಾರ್ಕರ್‌ನ ಪ್ರೇಯಸಿ ಗ್ವೆನ್ ಸ್ಟೇಸಿ ಸಾಯುತ್ತಾಳೆ. ಅವಳನ್ನು ಮರೆಯಲಾರದ ಪ್ರಾಧ್ಯಾಪಕನೊಬ್ಬ 1975ರ ಕಥೆಯಲ್ಲಿ ಅವಳ ತದ್ರೂಪಿಯನ್ನೂ ಪೀಟರ್‌ನ ತದ್ರೂಪಿಯನ್ನೂ ನಿರ್ಮಿಸುತ್ತಾನೆ. ಮುಗಿದುಹೋಗಿದ್ದ ಆ ಎಳೆಯನ್ನು 1994ರಲ್ಲಿ ಮತ್ತೆ ಹಿಡಿದು, ಸತ್ತನೆಂದುಕೊಂಡಿದ್ದ ಪೀಟರ್‌ನ ತದ್ರೂಪಿಯನ್ನು ಬೆನ್ ರೈಲಿ ಎಂಬ ಹೆಸರಿನಲ್ಲಿ ಹಿಂದಕ್ಕೆ ತರಲಾಯಿತು. ಬೇಗ ಮುಗಿಯಬೇಕಾಗಿದ್ದ ಕಥೆ, ಮಾರಾಟ ಚೆನ್ನಾಗಿದ್ದುದರಿಂದ ಹಲವು ಮಾಸಿಕಗಳಲ್ಲಿ ಹರಡಿ ಎರಡು ವರ್ಷಗಳ ಮೇಲೂ ಬೆಳೆಯಿತು. ನಡುವೆ, ಓದುಗರು ಇಪ್ಪತ್ತು ವರ್ಷಗಳಿಂದ ಪ್ರೀತಿಸಿದ ಪೀಟರನೇ ತದ್ರೂಪಿ, ಬೆನ್ನನೇ ಮೂಲ ಎಂದು ಘೋಷಿಸಿದರು. ಓದುಗರು ಕೆರಳಿದರು. 1996ರ ಡಿಸೆಂಬರ್ ಸಂಚಿಕೆಯಲ್ಲಿ ಬೆನ್ ಸತ್ತು ಧೂಳಾದಾಗ ಅವನೇ ತದ್ರೂಪಿಯೆಂದು ಮತ್ತೆ ಸಿದ್ಧವಾಯಿತು. ಈ ಎಲ್ಲದರ ಸೂತ್ರಧಾರ 1973ರಲ್ಲೇ ಸತ್ತಿದ್ದ ಖಳನಾಯಕ ನಾರ್ಮನ್ ಆಸ್ಬಾರ್ನ್ ಎಂದೂ ಹೇಳಲಾಯಿತು.

ಮೂರನೆಯವನು ಬ್ಯಾಟ್‌ಮ್ಯಾನ್‌ನ ಕಥೆಯನ್ನೆತ್ತಿದ. 1988ರಲ್ಲಿ ಪ್ರಕಾಶಕರು ಎರಡು ದೂರವಾಣಿ ಸಂಖ್ಯೆಗಳನ್ನು ಪ್ರಕಟಿಸಿ, ಬ್ಯಾಟ್‌ಮ್ಯಾನ್‌ನ ಸಹಚರ ಬಾಲಕ ಜೇಸನ್ ಟಾಡ್ ಬದುಕಬೇಕೋ ಸಾಯಬೇಕೋ ಎಂದು ಓದುಗರನ್ನೇ ಕೇಳಿದರು. ಸಾಯಲೆಂದವರ ಕರೆಗಳು 5,343. ಬದುಕಲೆಂದವರ ಕರೆಗಳು 5,271. ಎಪ್ಪತ್ತೆರಡು ಕರೆಗಳ ಅಂತರದಿಂದ ಹುಡುಗ ಸತ್ತ. “ಬರೀ ಚಿತ್ರದ ಹುಡುಗನಲ್ಲವೇ?” ಎಂದು ಒಬ್ಬ ನಕ್ಕ. ಆಗ ನಾನು ಮೊದಲ ಬಾರಿಗೆ ಬಾಯಿ ತೆರೆದೆ. ತಾನು ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಒಪ್ಪಿಗೆ ಕೊಡುವುದು, ಅಂದರೆ ಕೃತ, ಕಾರಿತ, ಅನುಮೋದನ ಎಂಬ ಮೂರೂ ಬಾಗಿಲುಗಳಿಂದ ಹಿಂಸೆ ನಮ್ಮೊಳಗೆ ಬರುತ್ತದೆಂದು ನಮ್ಮ ಶಾಸ್ತ್ರ ಹೇಳುತ್ತದೆ ಎಂದೆ. ಹಿಟ್ಟಿನ ಕೋಳಿಯ ಕಥೆಯನ್ನೂ ಹೇಳಿದೆ. ಅವರು ಗಂಭೀರರಾಗಿ ಕೇಳಿದರು. ಆ ಜೇಸನ್‌ನನ್ನೂ 2005ರಲ್ಲಿ ಬದುಕಿಸಿ ತಂದರೆಂದು ಆಮೇಲೆ ಅವರೇ ತಿಳಿಸಿದರು.

ಮೊಮ್ಮಗ ಮಾತ್ರ ಅದುವರೆಗೆ ಯಾವ ಹೆಸರನ್ನೂ ಹೇಳಿರಲಿಲ್ಲ. ಗೆಳೆಯರು ಹೊರಟುಹೋದ ಮೇಲೆ ಪೆಟ್ಟಿಗೆಯಿಂದ ಒಂದು ಸಂಚಿಕೆಯನ್ನು ತೆಗೆದು ನನ್ನ ಕೈಗಿತ್ತ. 1995ರ ಏಪ್ರಿಲ್‌ನ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’, 400ನೆಯದು. ಹೊದಿಕೆಯ ಮೇಲೆ ಬೂದುಬಣ್ಣದ ಸಮಾಧಿಶಿಲೆ. ತಂದೆತಾಯಿಯಿಲ್ಲದ ಪೀಟರ್‌ನನ್ನು ಸಾಕಿ ಬೆಳೆಸಿದ ಮೇ ದೊಡ್ಡಮ್ಮ ಇದರಲ್ಲಿ ತೀರಿಕೊಳ್ಳುತ್ತಾಳೆ. ಬರೆದವರು ಜೆ. ಎಂ. ಡಿಮಾಟೈಸ್. ತನ್ನ ಮಗನಂಥವನೇ ಸ್ಪೈಡರ್‌ಮ್ಯಾನ್ ಎಂಬ ಗುಟ್ಟು ತನಗೆ ಬಹಳ ಕಾಲದಿಂದ ಗೊತ್ತಿತ್ತೆಂದು ಅವನಿಗೆ ತಿಳಿಸಿ, ಅವನ ಬಗ್ಗೆ ಹೆಮ್ಮೆಯನ್ನು ಹೇಳಿಕೊಂಡು, ತನ್ನ ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ, ತನ್ನವರ ನಡುವೆ ಅವಳು ಕಣ್ಣು ಮುಚ್ಚುತ್ತಾಳೆ. ಜನ ಹೀಗಳೆಯುವ ಆ ಕ್ಲೋನ್ ಸಾಗಾದ ನಡುವಿನ ಸಂಚಿಕೆಯೇ ಇದು. ಕನ್ನಡಕ ಒರೆಸಿಕೊಂಡು ಎರಡು ಬಾರಿ ಓದಿದೆ. ಸಮಾಧಿಮರಣದ ಶಾಂತಿ ಅದರಲ್ಲಿತ್ತು.

“ಅಜ್ಜ, ಇದನ್ನೂ 1998ರಲ್ಲಿ ರದ್ದು ಮಾಡಿದರು. ಸತ್ತವಳು ದೊಡ್ಡಮ್ಮನೇ ಅಲ್ಲವಂತೆ. ಆಸ್ಬಾರ್ನ್ ಅವಳನ್ನು ಅಪಹರಿಸಿ, ಅವಳ ರೂಪ ಕೊಟ್ಟು ಒಬ್ಬ ನಟಿಯನ್ನು ಮನೆಗೆ ಕಳಿಸಿದ್ದನಂತೆ” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಅಜ್ಜಿ ಹೋದ ವಾರ ನಾನು ಇದನ್ನೇ ಓದುತ್ತಿದ್ದೆ. ಪರೀಕ್ಷೆಯಿತ್ತು, ಊರಿಗೆ ಬರಲಾಗಲಿಲ್ಲ. ಅಜ್ಜಿಗಾಗಿ ಅತ್ತದ್ದು ಇದನ್ನು ಓದುತ್ತಲೇ. ಹಾಗಾದರೆ ನಾನು ಅತ್ತದ್ದು ಯಾರಿಗಾಗಿ? ಇದಕ್ಕಿಂತ ಕೆಟ್ಟದ್ದು ಇನ್ಯಾವುದಿದೆ?” ಎಂದು ಕೇಳಿದ.

ನನಗೆ ತೋಚಿದ ಉತ್ತರ ಪಂಪನದು. 941ರ ಆದಿಪುರಾಣದಲ್ಲಿ ವೃಷಭನಾಥನ ಆಸ್ಥಾನದಲ್ಲಿ ದೇವನರ್ತಕಿ ನೀಲಾಂಜನೆ ನರ್ತಿಸುತ್ತಿದ್ದಾಳೆ. ನೃತ್ಯದ ನಡುವೆಯೇ ಅವಳ ಆಯುಷ್ಯ ತೀರಿ ದೇಹ ಕರಗಿಹೋಗುತ್ತದೆ. ರಸಭಂಗವಾಗದಿರಲೆಂದು ದೇವೇಂದ್ರ ಆ ಕ್ಷಣವೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಅದೇ ರೂಪ, ಅದೇ ಹೆಜ್ಜೆ. ಸಭೆಯಲ್ಲಿ ಯಾರಿಗೂ ಬದಲಾದದ್ದು ತಿಳಿಯುವುದಿಲ್ಲ. ಆದಿದೇವನೊಬ್ಬನಿಗೆ ಮಾತ್ರ ತಿಳಿಯುತ್ತದೆ. ಅದರಿಂದಲೇ ಅವನು ರಾಜ್ಯವನ್ನು ತೊರೆದು ಹೊರಡುತ್ತಾನೆ. “ಸಭೆ ನೋಡಿದ್ದೂ ನಾಟ್ಯವನ್ನೇ, ಆದಿದೇವ ನೋಡಿದ್ದೂ ನಾಟ್ಯವನ್ನೇ. ಆದರೆ ಒಬ್ಬಳು ಹೋದಳೆಂಬುದನ್ನು ಅವನು ಮುಚ್ಚಿಕೊಳ್ಳಲಿಲ್ಲ. ನೀನೂ ಮುಚ್ಚಿಕೊಳ್ಳಬೇಕಾಗಿಲ್ಲ. ಇಂದ್ರ ಬದಲಿಯನ್ನು ನಿಲ್ಲಿಸಿದ ಮಾತ್ರಕ್ಕೆ ಹೋದವಳ ಸಾವು ಸುಳ್ಳಾಗುವುದಿಲ್ಲ” ಎಂದೆ.

ಅವನು ಸುಲಭವಾಗಿ ಸೋಲುವವನಲ್ಲ. “ಆದರೆ ಅಜ್ಜ, ನೀವೇ ಹೇಳಿದ್ದಿರಿ, ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವುದು ಲಕ್ಷ್ಮಣ ಎಂದು. ಅದೂ ಕಥೆಯನ್ನು ತಿದ್ದಿದ್ದೇ ಅಲ್ಲವೇ?” ಎಂದ. ಪ್ರಶ್ನೆ ಸರಿಯಾಗಿಯೇ ಇತ್ತು. ವಿಮಲಸೂರಿಯ ಪಉಮಚರಿಯದಲ್ಲಿ ಶ್ರೇಣಿಕ ಮಹಾರಾಜ ಗೌತಮ ಗಣಧರರ ಬಳಿಗೆ ಹೋಗಿ ಕೇಳುವುದೂ ಇಂಥ ಸಂದೇಹಗಳನ್ನೇ. ಕುಂಭಕರ್ಣ ಆರು ತಿಂಗಳು ಮಲಗಲು ಸಾಧ್ಯವೇ, ಕಪಿಗಳು ರಾಕ್ಷಸರನ್ನು ಗೆದ್ದರೆ ಅದನ್ನು ನಂಬುವುದು ಹೇಗೆ? ಆ ದೊರೆಯನ್ನು ನೆಲಮಾಳಿಗೆಯಲ್ಲಿ ಕೂರಿಸಿದ್ದರೆ ಹುಡುಗರೊಡನೆ ಬೆರೆತುಹೋಗುತ್ತಿದ್ದ. ರಾವಣನ ಹತ್ತು ತಲೆಗಳು ಅವನ ಕಂಠಹಾರದ ಮಣಿಗಳಲ್ಲಿ ಕಂಡ ಮುಖದ ಪ್ರತಿಬಿಂಬಗಳಾದದ್ದೂ, ಕೊಲ್ಲುವ ಹೊಣೆ ರಾಮನಿಂದ ಲಕ್ಷ್ಮಣನಿಗೆ ವರ್ಗವಾದದ್ದೂ ಈ ಪರಂಪರೆಯಲ್ಲಿಯೇ. ಕನ್ನಡದಲ್ಲಿ ನಾಗಚಂದ್ರ ನಡೆದದ್ದೂ ಇದೇ ದಾರಿಯಲ್ಲಿ.

ಆದರೆ ನಮ್ಮ ಆಚಾರ್ಯರ ತಿದ್ದುಪಡಿಯಲ್ಲಿ ಲೆಕ್ಕ ಸಡಿಲವಾಗಲಿಲ್ಲ, ಇನ್ನಷ್ಟು ಬಿಗಿಯಾಯಿತು. ಕೊಂದ ಲಕ್ಷ್ಮಣ ನಾಯಕನ ತಮ್ಮನೆಂದು ವಿನಾಯಿತಿ ಪಡೆಯದೆ ನರಕಕ್ಕೆ ಹೋಗುತ್ತಾನೆ. ಕೊಲ್ಲದ ರಾಮ ಮುಕ್ತನಾಗುತ್ತಾನೆ. ಜೀನ್ ಗ್ರೇಯ ಪುನರಾಗಮನದಲ್ಲಿ, ಮೇ ದೊಡ್ಡಮ್ಮನ ಪುನರಾಗಮನದಲ್ಲಿ, ನಡೆದದ್ದಕ್ಕೆ ಯಾರೂ ಬೆಲೆ ತೆರಬೇಕಾಗಿಲ್ಲವೆಂದಾಯಿತು. ಕಥೆಯನ್ನು ತಿದ್ದುವುದೇ ದೋಷವಲ್ಲ. ತಿದ್ದಿದ ಮೇಲೆ ಕಾರಣಕ್ಕೂ ಫಲಕ್ಕೂ ಇರುವ ಗಂಟು ಬಿಗಿಯಾಯಿತೋ ಬಿಚ್ಚಿಹೋಯಿತೋ ಎಂಬುದೇ ಒರೆಗಲ್ಲು. ಶ್ರವಣಬೆಳಗೊಳದ ಚಂದ್ರಗಿರಿಯ ಯಾವ ನಿಸಿದಿಗಲ್ಲಿನ ಮೇಲೂ ‘ಇಲ್ಲಿ ಮುಡಿಪಿದವರು ಅವರಲ್ಲ, ಬೇರೊಬ್ಬರು’ ಎಂಬ ಸಾಲನ್ನು ಆಮೇಲೆ ಬಂದವರು ಕೊರೆದಿಲ್ಲ. ಇಷ್ಟನ್ನೂ ಮೊಮ್ಮಗನಿಗೆ ಸಾಕಷ್ಟು ಠೀವಿಯಿಂದಲೇ ವಿವರಿಸಿದೆ.

ಅವನು ಒಪ್ಪಿಕೊಂಡು ತಲೆಯಾಡಿಸಿದ. ಆಮೇಲೆ, “ಪರವಾಗಿಲ್ಲ ಅಜ್ಜ, ಅಜ್ಜಿಯಾದರೂ ಹೀಗೆಯೇ ಹೋದರಲ್ಲ, ಮನೆಯಲ್ಲಿ, ನಿದ್ದೆಯಲ್ಲಿ” ಎಂದ.

ನನ್ನ ಮಾತು ನಿಂತುಹೋಯಿತು. ಅವನಿಗೆ ಹಾಗೆಂದು ಹೇಳಿದವನು ನಾನೇ. ಪರೀಕ್ಷೆಯ ಹೊತ್ತಿನಲ್ಲಿ ಹುಡುಗ ಕಂಗೆಡಬಾರದೆಂದು ಮಗಳೂ ನಾನೂ ದೂರವಾಣಿಯಲ್ಲಿ ಮಾತಾಡಿಕೊಂಡು ಕಟ್ಟಿದ ಕಥೆ ಅದು. ಪತ್ನಿ ತೀರಿಕೊಂಡದ್ದು ಮನೆಯಲ್ಲಲ್ಲ, ಆಸ್ಪತ್ರೆಯಲ್ಲಿ. ನಿದ್ದೆಯಲ್ಲಲ್ಲ, ಹನ್ನೊಂದು ದಿನಗಳ ಉಸಿರಿನ ಸಂಕಟದ ನಂತರ. ಸುಮಾರು ಅರ್ಧ ವರ್ಷದಿಂದ ಆ ಹುಡುಗ ನಾನು ನಿಲ್ಲಿಸಿದ್ದ ಬದಲಿ ಅಜ್ಜಿಗಾಗಿ ದುಃಖಿಸುತ್ತಿದ್ದ. ಇಂದ್ರನ ಕೆಲಸವನ್ನು ಮಾಡಿದ್ದವನು ಆದಿದೇವನ ಮಾತನ್ನು ಆಡುತ್ತಿದ್ದೆ.

ಅಂದು ರಾತ್ರಿಯೇ ಹೇಳಿದೆ. ಹನ್ನೊಂದು ದಿನಗಳನ್ನೂ ಒಂದೊಂದಾಗಿ ಹೇಳಿದೆ; ಸಹಿಸಲಾಗದೆ ನಾನು ಕೊಠಡಿಯಿಂದ ಹೊರಬಂದು ನಿಂತ ಎಂಟನೆಯ ದಿನವನ್ನೂ ಬಿಡಲಿಲ್ಲ. ಅವನು ತಲೆತಗ್ಗಿಸಿ ಕೇಳಿದ. ಬಹಳ ಹೊತ್ತಿನ ಮೇಲೆ, “ನನ್ನನ್ನು ಕೇಳಿದ್ದರೇ?” ಎಂದ.

“ಎರಡು ಸಲ ಕೇಳಿದಳು. ಪರೀಕ್ಷೆ ಮುಗಿಯಿತೇ ಎಂದು.”

ಅವನು ಕೋಪಿಸಿಕೊಳ್ಳುತ್ತಾನೆಂದು ಭಾವಿಸಿದ್ದೆ. ಸ್ವಲ್ಪ ಕೋಪವೂ ಇತ್ತು. ಎರಡು ದಿನ ಅವನು ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಮೂರನೆಯ ದಿನ ಸಂಜೆ ನಾನು ಪ್ರತಿಕ್ರಮಣ ಮುಗಿಸಿ ಏಳುವಾಗ ಬಾಗಿಲಲ್ಲಿ ನಿಂತಿದ್ದ. “ಅಜ್ಜ, ಇದನ್ನು ಮತ್ತೆ ಬದಲಾಯಿಸಬೇಡಿ” ಎಂದ. ಇಲ್ಲವೆಂದೆ. ಅವನು ಒಳಗೆ ಬಂದು ಕುಳಿತು, ಎಂಟನೆಯ ದಿನದ ಸಂಗತಿಯನ್ನು ಮತ್ತೊಮ್ಮೆ ಹೇಳುವಂತೆ ಕೇಳಿದ.