ತಾಳ ತಪ್ಪದ ಬೆರಕೆ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ‘ಬೆರಕೆ’ ಎಂಬ ಮಾತು ಎಂದಿನಿಂದಲೂ ಒಂದಿಷ್ಟು ಅಳುಕನ್ನು ತರುವಂಥದು. ಮಕ್ಕಳ ಬಾಯಲ್ಲಿ ಕನ್ನಡ, ಮರಾಠಿ, ಹಿಂದಿಗಳು ಒಂದೇ ವಾಕ್ಯದಲ್ಲಿ ಕೂಡಿ ಬಂದಾಗ, ಬೆರೆಯುವುದೆಂದರೆ ಕರಗಿಹೋಗುವುದೇ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಗೆ ನಮಗೊಂದು ಉತ್ತರ ಹೊಳೆದದ್ದು ಬೆಂಗಳೂರಿನ ಗಾಯಕಿ ಆರ್. ಎ. ರಮಾಮಣಿಯವರ ಹಾಡಿಕೆಯಲ್ಲಿ.

ಆ ಹಾಡಿಕೆಯ ಪರಿಚಯವಾದದ್ದು ಫೋರ್ಟಿನಲ್ಲಿ. ಕಚೇರಿ ಮುಗಿದ ಮೇಲೆ ಕಾಳಾ ಘೋಡಾದ ರಿದಮ್ ಹೌಸ್ ಹೊಕ್ಕು, ಕೊಳ್ಳುವುದಕ್ಕಿಂತ ಹೆಚ್ಚಾಗಿ ಕೇಳುವುದು ನಮ್ಮ ರೂಢಿಯಾಗಿತ್ತು. ಅಲ್ಲಿಂದ ಉತ್ತರಕ್ಕೆ ನಡೆದರೆ ಧೋಬಿ ತಲಾವಿನ ರಂಗಭವನ. 1978ರಲ್ಲಿ ‘ಜಾಝ್ ಯಾತ್ರಾ’ ಆರಂಭವಾದಾಗ ಸನ್ನಿ ರೋಲಿನ್ಸ್‌ರಂಥವರು ನುಡಿಸಿದ ಬಯಲು ರಂಗಮಂದಿರವದು. ಆ ಕಾಲದ ಮುಂಬಯಿ ಜಾಝ್‌ನ ಹಿರಿಯರಾದ ಲೂಯಿ ಬ್ಯಾಂಕ್ಸ್, ಬ್ರಾಜ್ ಗೊನ್ಸಾಲ್ವಿಸ್‌ರ ಸಂಗಡ ರಮಾಮಣಿಯವರು ಹಾಡಿದ್ದಾರೆ.

ಅವರ ಪತಿ, ಮೃದಂಗ ವಿದ್ವಾಂಸ ಟಿ. ಎ. ಎಸ್. ಮಣಿಯವರು ಬೆಂಗಳೂರಿನಲ್ಲಿ 1964ರಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಸ್ಥಾಪಿಸಿದವರು. ಈ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊರೊಡನೆ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ಮಾಡಿತು. ಅದರಲ್ಲಿ ಪಿಯಾನೊ ಇಲ್ಲ, ಬಾಸ್ ಇಲ್ಲ. ತಂಬೂರಿ, ಮೃದಂಗ, ಘಟ, ಖಂಜಿರಗಳ ನಡುವೆ ಸ್ಯಾಕ್ಸೊಫೋನ್ ಅತಿಥಿಯಂತೆ ಕುಳಿತಿದೆ. ನಾಗಸ್ವರವನ್ನು ಅಭ್ಯಾಸ ಮಾಡಿದ್ದ ಮರಿಯಾನೊರಿಗೆ ಈ ಮನೆಯ ರೀತಿ ಗೊತ್ತಿತ್ತು. ಬ್ಯಾಂಕ್ಸ್‌ರ ಜತೆಯಲ್ಲಾದರೋ ರಮಾಮಣಿಯವರೇ ಅತಿಥಿ. ಕೆಳಗೆ ಪಾಶ್ಚಾತ್ಯ ಸ್ವರಮೇಳ ಸರಿಯುತ್ತಿದ್ದರೂ ಅವರು ತಮ್ಮ ರಾಗದ ದಾರಿಯನ್ನು ಬಿಡುವುದಿಲ್ಲ.

ಪದಗಳಿಲ್ಲದೆ ಹಾಡುವ ಕಲೆ ಜಾಝ್‌ಗೆ ಹೊಸತಲ್ಲ. 1976ರ ‘ಪಪಾಯ’ದಿಂದ ಹೆಸರಾದ ಪೋಲೆಂಡಿನ ಉರ್ಸುಲಾ ದೂಜ್ಯಾಕ್ ಕಂಠವನ್ನೇ ವಾದ್ಯವಾಗಿಸಿದವರು. ಜಾಝ್ ಗಾಯಕರು ಆ ಕ್ಷಣಕ್ಕೆ ತೋಚಿದ ಉಲಿಯನ್ನು ಹಾಡಬಲ್ಲರು. ರಮಾಮಣಿಯವರ ಸ್ವರ, ಸೊಲ್ಲುಗಳಿಗಾದರೋ ಒಂದೊಂದಕ್ಕೂ ಲೆಕ್ಕವಿದೆ. ‘ಗ’ ಎಂದರೆ ಅದು ಗಾಂಧಾರವೇ. ‘ತಕಧಿಮಿ’ ಎಂದರೆ ನಾಲ್ಕು ಅಕ್ಷರಗಳೇ. ಎಷ್ಟು ದೂರ ಅಲೆದರೂ ಮುಕ್ತಾಯ ಎಡುಪಿಗೆ ಬಂದು ಕೂಡಲೇಬೇಕು. ಈ ಲೆಕ್ಕ ಗಟ್ಟಿಯಾಗಿದ್ದುದರಿಂದಲೇ ಪರಕೀಯ ವಾದ್ಯಗಳ ನಡುವೆ ಅವರಿಗೆ ಸಂಕೋಚವಿರಲಿಲ್ಲವೆಂದು ನಮಗೆ ತೋರುತ್ತದೆ. ಅಡಿಪಾಯವಿಲ್ಲದವನು ಬೆರೆತರೆ ಕರಗುತ್ತಾನೆ. ಉಳ್ಳವನು ಬೆರೆತರೆ ಬೆಳೆಯುತ್ತಾನೆ.

ರಿದಮ್ ಹೌಸ್ 2016ರಲ್ಲಿ ಬಾಗಿಲು ಮುಚ್ಚಿತು. ರಂಗಭವನವು ಅದಕ್ಕೂ ಮೊದಲೇ, ಸುತ್ತಲದು ನಿಶ್ಶಬ್ದ ವಲಯವೆಂಬ ಕಾರಣದಿಂದ ಮೌನವಾಗಿತ್ತು. ನಾವು ಕೇಳಿ ಕಲಿತ ಜಾಗಗಳು ಹೀಗೆ ಒಂದೊಂದಾಗಿ ಇಲ್ಲವಾದುವು. ಕಲಿತದ್ದು ಮಾತ್ರ ಮನೆಯಲ್ಲಿ ಉಪಯೋಗಕ್ಕೆ ಬರುತ್ತಿದೆ. ಮಕ್ಕಳ ಮಾತಿನಲ್ಲಿ ಮರಾಠಿಯ ಹೆಸರುಪದ ನುಸುಳಿದರೆ ಈಗ ನಾವು ತಡೆಯುವುದಿಲ್ಲ. ವಾಕ್ಯದ ಕೊನೆಯ ಕ್ರಿಯಾಪದ ಕನ್ನಡದ್ದಾಗಿರಲಿ ಎಂದಷ್ಟೇ ಕೇಳುತ್ತೇವೆ. ನಮ್ಮ ನುಡಿಯ ಎಡುಪು ಇರುವುದು ಅಲ್ಲಿ.