ಮಗೀಗೆ ಒಪ್ಪೋ ಬಣ್ಣ

ಮಗಳ ಬಳುವಳಿಗೆ ಊರನ್ನೇ ಬರೆದುಕೊಟ್ಟ ದೊರೆಯ ಊರು ನಮ್ಮ ಸಖರಾಯಪಟ್ಟಣ. ರುಕ್ಮಾಂಗದ ರಾಯ ಹಿರಿಯ ಮಗಳಿಗೆ ಹಿರೇಮಗಳೂರನ್ನೂ ಕಿರಿಯಳಿಗೆ ಚಿಕ್ಕಮಗಳೂರನ್ನೂ ಕೊಟ್ಟನೆಂಬ ಐತಿಹ್ಯ ಇಲ್ಲಿ ಮಕ್ಕಳಿಗೂ ಗೊತ್ತು. ಅಯ್ಯನಕೆರೆ ಕಟ್ಟಿಸಿದವನೂ ಅವನೇ ಎನ್ನುತ್ತಾರೆ. 1156ರಲ್ಲಿ, ಹೊಯ್ಸಳರ ಕಾಲದಲ್ಲಿ, ಆ ಕೆರೆಯ ಜೀರ್ಣೋದ್ಧಾರ ಆಯಿತು. ಗಂಡಸರು ಈ ಕಥೆ ಹೇಳುವಾಗ ಕೆರೆಯ ಏರಿ, ತೂಬು, ಗದ್ದೆಬಯಲಿನ ಸುದ್ದಿಗೆ ಹೋಗುತ್ತಿದ್ದರು. ನಮ್ಮ ದೊಡ್ಡಮ್ಮ ಮಾತ್ರ ಕೇಳುತ್ತಿದ್ದದ್ದು ಒಂದೇ: ‘ಊರು ಕೊಟ್ಟ ಸರಿ, ಧಾರೆಗೆ ಆ ಮಗೀಗೆ ಯಾವ ಬಣ್ಣದ ಸೀರೆ ಉಡಿಸಿದ್ರಂತೆ?’

ದೊಡ್ಡಮ್ಮನಿಗೆ ಅದು ಕೇಳಲೇಬೇಕಾದ ಪ್ರಶ್ನೆ. ಬೀದಿಯಲ್ಲಿ ಯಾರ ಮನೆಯ ಮದುವೆ ನಿಶ್ಚಯವಾದರೂ ಜವಳಿ ತೆಗೆಯಲು ಅವಳನ್ನು ಬಿಟ್ಟು ಹೋಗುತ್ತಿರಲಿಲ್ಲ. ಸಾಮಾನ್ಯದವರು ಕಡೂರಿಗೆ, ಸ್ವಲ್ಪ ಅನುಕೂಲಸ್ಥರು ಬೀರೂರಿನಲ್ಲಿ ರೈಲು ಹತ್ತಿ ದಾವಣಗೆರೆಗೆ. ಅಂಗಡಿಯ ಗಾದಿಯ ಮೇಲೆ ಎರಡೂ ಕಡೆಯ ಬೀಗರು ಚಕ್ಕಂಬಕ್ಕಳ ಹಾಕಿ ಕೂತರೆ, ಅಂಗಡಿಯವನು ಸೀರೆಯ ಮೇಲೆ ಸೀರೆ ಬಿಚ್ಚುತ್ತಾ ಹೋಗುತ್ತಿದ್ದ. ದೊಡ್ಡಮ್ಮ ತುಟಿಬಿಚ್ಚದೆ ನೋಡುತ್ತಿದ್ದಳು. ಮನಸ್ಸಿಗೆ ಬಂದದ್ದನ್ನು ಎತ್ತಿಕೊಂಡು, ಹುಡುಗಿಯನ್ನು ರಟ್ಟೆ ಹಿಡಿದು ಎಬ್ಬಿಸಿ, ‘ಆಚೆ ಬಾ ಮಗ, ಬೆಳಕಿಗೆ’ ಎಂದು ಬೀದಿಗೆ ಕರೆತರುತ್ತಿದ್ದಳು. ಟ್ಯೂಬ್‌ಲೈಟಿನ ಕೆಳಗಿನ ಬಣ್ಣವನ್ನು ಅವಳು ನಂಬುತ್ತಲೇ ಇರಲಿಲ್ಲ. ಸೆರಗನ್ನು ಹೆಗಲ ಮೇಲೆ ಹಾಕಿ, ಅಂಚನ್ನು ಗಲ್ಲದ ಹತ್ತಿರಕ್ಕೆ ತಂದು, ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಬಿಸಿಲಲ್ಲಿ ಮುಖ ಅರಳಿದರೆ ಆಯಿತು. ಇಲ್ಲದಿದ್ದರೆ ಅಲ್ಲಿಂದಲೇ ಕೂಗು: ‘ಇದು ಮಗೀಗೆ ಒಪ್ಪಲ್ಲ ಕಣಪ್ಪಾ, ಬೇರೆ ತೆಗಿ.’

ಆ ಕಣ್ಣಿಗೆ ಒಂದು ಲೆಕ್ಕವಿತ್ತು. ಗಿಡ್ಡ ಹುಡುಗಿಗೆ ಅಂಗೈಯಗಲದ ಅಂಚು ಹಾಕಿದರೆ ಸೀರೆಯೇ ನಡೆದಂತೆ ಕಾಣುತ್ತದೆ. ಅವಳಿಗೆ ಸಣ್ಣ ಅಂಚು, ಚಿಕ್ಕ ಬುಟ್ಟ. ಎತ್ತರದವಳಿಗೆ ಗೋಪುರದ ದೊಡ್ಡ ಅಂಚು, ಒಡಲಿಗೆ ಎದುರು ಬಣ್ಣದ ಸೆರಗು. ಸಣಕಲು ಮೈಯವಳಿಗೆ ಗರಿಗರಿ ನಿಲ್ಲುವ ದಪ್ಪ ರೇಷ್ಮೆ. ಮೈಕೈ ತುಂಬಿಕೊಂಡವಳಿಗೆ ನೀರಿನಂತೆ ಇಳಿಯುವ ಮೈಸೂರು ರೇಷ್ಮೆ. ಕುತ್ತಿಗೆ ಉದ್ದವಿದ್ದರೆ ಅಡ್ಡಿಕೆ, ಗಿಡ್ಡವಿದ್ದರೆ ಕಾಸಿನ ಸರವೊಂದೇ ಸಾಕು. ಹಣೆ ಅಗಲವಾಗಿದ್ದರೆ ಬೈತಲೆಬೊಟ್ಟು ಸ್ವಲ್ಪ ಕೆಳಗೆ. ಇನ್ನು ಬಣ್ಣಗಳ ವಿಷಯಕ್ಕೆ ಬಂದರೆ ಅವಳ ಬಾಯಲ್ಲಿ ಕೆಂಪು, ಹಸಿರು ಎಂಬ ಬರೀ ಮಾತೇ ಇರಲಿಲ್ಲ. ಕುಂಕುಮದ ಕೆಂಪು, ಮಾವಿನ ಚಿಗುರು, ಅರಗಿಳಿ ಹಸಿರು, ನವಿಲು ಕತ್ತಿನ ನೀಲಿ, ಬದನೆಕಾಯಿ ಬಣ್ಣ, ಈರುಳ್ಳಿ ಸಿಪ್ಪೆ, ಮೆಂತ್ಯ. ಎಣ್ಣೆಗಪ್ಪು ಮೈಯ ಹುಡುಗಿಯರಿಗೆ ಅವಳು ಎತ್ತಿಕೊಡುತ್ತಿದ್ದದ್ದು ಮೆಂತ್ಯದ ಒಡಲು, ಬದನೆಕಾಯಿ ಬಣ್ಣದ ಅಂಚು. ಆ ಜೋಡಿಯಲ್ಲಿ ಅವರು ಹೇಗೆ ಕಾಣುತ್ತಿದ್ದರೆಂದರೆ, ಹಸೆಮಣೆಯ ಮೇಲಿಂದ ಕಣ್ಣು ಕೀಳಲು ಆಗುತ್ತಿರಲಿಲ್ಲ.

ಮೈಸೂರು ರೇಷ್ಮೆ ಆಗಲೂ ಎಲ್ಲರ ಕೈಗೆ ಎಟುಕುತ್ತಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು 1912ರಲ್ಲಿ ಸ್ವಿಟ್ಜರ್ಲೆಂಡಿನಿಂದ 32 ಮಗ್ಗ ತರಿಸಿ ಶುರುಮಾಡಿದ ಕಾರ್ಖಾನೆಯ ಸೀರೆ ಅದು. 2005ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ನಮ್ಮ ಕಡೆ ಅದಕ್ಕಿಂತ ಪ್ರೀತಿಯದು ಮೊಳಕಾಲ್ಮೂರು ಸೀರೆ. ಅಯ್ಯನಕೆರೆಯ ನೀರು ವೇದಾ ಹೊಳೆಯಾಗಿ ಹರಿದು, ಅವತಿಯನ್ನು ಕೂಡಿಕೊಂಡು, ವೇದಾವತಿಯಾಗಿ ಚಿತ್ರದುರ್ಗದ ಸೀಮೆಗೆ ಹೋಗುತ್ತದೆ. ಆ ಸೀಮೆಯಿಂದ ನಮ್ಮ ಮದುವೆಗಳಿಗೆ ಬರುತ್ತಿದ್ದದ್ದು ಈ ಸೀರೆ. ಒಡಲಿಗೊಂದು ಬಣ್ಣ, ಎರಡೂ ಅಂಚಿಗೆ ಇನ್ನೊಂದು ಬಣ್ಣ, ಹೀಗೆ ಮೂರು ಲಾಳಿ ಇಟ್ಟು ಕೈಮಗ್ಗದಲ್ಲಿ ನೇಯ್ದದ್ದು. ದೊಡ್ಡಮ್ಮ ಸೀರೆ ಮಗುಚಿ, ಅಂಚು ಒಡಲಿಗೆ ಕೂಡುವ ಜಾಗದಲ್ಲಿ ಉಗುರಾಡಿಸಿ ನೋಡುತ್ತಿದ್ದಳು. ಎಳೆಗೆ ಎಳೆ ಕೊಂಡಿ ಹಾಕಿಕೊಂಡ ಗೆರೆ ಬೆರಳಿಗೆ ಸಿಕ್ಕಿದರೆ ಮಾತ್ರ ಬೆಲೆ ಕೇಳುವುದು.

ಅದೆಲ್ಲ ಹಿಂದಿನ ಮಾತಾಯಿತು. ಈಗ ಹುಡುಗಿಯರು ಫೋನಿನಲ್ಲಿ ಒಂದು ‘ಲುಕ್’ ಆರಿಸಿಟ್ಟುಕೊಂಡು ಬ್ಯೂಟಿಷಿಯನ್‌ಗೆ ಕಳಿಸುತ್ತಾರೆ. ಆರತಕ್ಷತೆಗೆ ಬಾಡಿಗೆ ಲೆಹೆಂಗಾ, ಧಾರೆಗೆ ಮೊದಲೇ ನೆರಿಗೆ ಹಿಡಿದು ಇಸ್ತ್ರಿ ಮಾಡಿ ಪೆಟ್ಟಿಗೆಯಲ್ಲಿ ತಂದ ಸೀರೆ. ಅಯ್ಯನಕೆರೆಯ ಏರಿಯ ಮೇಲೆ ಮದುವೆಗೆ ಮುಂಚೆಯೇ ಉದ್ದನೆಯ ಗೌನು ತೊಟ್ಟು ಫೋಟೊ. ನೋಡಲು ಚೆಂದ ಇಲ್ಲ ಎಂದು ನಾನು ಹೇಳಲಾರೆ. ಆದರೆ ಒಂದು ಮಾತು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ: ಮುಖಕ್ಕೆ ಎರಡು ಪಟ್ಟು ಬೆಳ್ಳಗಿನ ಬಣ್ಣ ಬಳಿದು ಕೂರಿಸಿದ ನಮ್ಮ ಹುಡುಗಿಯರನ್ನು ಮಂಟಪದಲ್ಲಿ ನನಗೇ ಗುರುತು ಹಿಡಿಯಲು ಆಗುತ್ತಿಲ್ಲ. ಕಡೂರಿನ ಮದುಮಗಳೂ ತರೀಕೆರೆಯ ಮದುಮಗಳೂ ಅಜ್ಜಂಪುರದ ಮದುಮಗಳೂ ಆಲ್ಬಮ್ಮಿನಲ್ಲಿ ಒಬ್ಬಳೇ.

ಹಿಂದಿನದೆಲ್ಲ ಬಂಗಾರ ಎಂದು ನಾನು ಹೇಳುತ್ತಿಲ್ಲ. ಆಗ ಹುಡುಗಿಗೆ ಯಾವ ಬಣ್ಣ ಇಷ್ಟ ಎಂದು ಕೇಳುವವರೇ ಇರಲಿಲ್ಲ. ಸೀರೆಯಿರಲಿ, ಗಂಡು ಒಪ್ಪಿಗೆಯೇ ಎಂದು ಕೇಳದ ಮನೆಗಳೂ ಇದ್ದವು. ಕಪ್ಪು ಹುಡುಗಿಯೆಂದು ಎದುರಿಗೇ ಅಂದು ನೋಯಿಸಿದವರು ಕಡಿಮೆಯಿಲ್ಲ. ಇವತ್ತಿನ ಹುಡುಗಿ ತನ್ನ ಸೀರೆಯನ್ನು ತಾನೇ ಆರಿಸುತ್ತಾಳೆ ಎಂಬುದು ನನಗೆ ಸಂತೋಷವೇ. ಅವಳು ಆರಿಸುವಾಗ, ಹುಟ್ಟಿದಾಗಿನಿಂದ ಅವಳನ್ನು ಎತ್ತಿ ಆಡಿಸಿ ಅವಳ ಮೈ, ನಡಿಗೆ, ನಗು ಬಲ್ಲ ಒಬ್ಬ ಹೆಂಗಸಾದರೂ ಪಕ್ಕದಲ್ಲಿ ಇಲ್ಲವಲ್ಲ ಎಂಬುದೇ ನನ್ನ ಸಂಕಟ.

ಮೊಗ್ಗಿನ ಜಡೆಯಂತೂ ಪೂರಾ ಕೈತಪ್ಪುತ್ತಿದೆ. ಮದುವೆಯ ಹಿಂದಿನ ಸಂಜೆ ಬಿರಿಯದ ಮಲ್ಲಿಗೆ ಮೊಗ್ಗು ತಂದು, ಒದ್ದೆ ಬಟ್ಟೆಯ ಮೇಲೆ ಹರಡಿ, ದಪ್ಪದವು ನೆತ್ತಿಗೆ, ಸಣ್ಣವು ಜಡೆಯ ತುದಿಗೆ ಎಂದು ಆರಿಸುತ್ತಿದ್ದರು. ಬಾಳೆಪಟ್ಟೆಯನ್ನು ಜಡೆಯ ಅಳತೆಗೆ ಸೀಳಿ, ಸೂಜಿಯಲ್ಲಿ ಮೊಗ್ಗಿನ ತೊಟ್ಟು ಚುಚ್ಚಿ ಸಾಲಾಗಿ ಹೊಲಿಯುವುದು. ಎರಡು ಸಾಲಿಗೊಮ್ಮೆ ಕನಕಾಂಬರ, ನಡುವೆ ಮರುಗದ ಎಲೆ, ಕೊನೆಗೆ ಕುಚ್ಚು. ದೊಡ್ಡಮ್ಮ ಮತ್ತು ಬೀದಿಯ ಹೆಂಗಸರು ಸೋಬಾನೆ ಹೇಳುತ್ತಾ ನಡುರಾತ್ರಿಯವರೆಗೂ ಹೊಲಿಯುತ್ತಿದ್ದರು. ಮಾರನೆಯ ದಿನ ಧಾರೆಯ ಹೊತ್ತಿಗೆ ಮೊಗ್ಗು ಮೊಗ್ಗಾಗಿಯೇ ಇದ್ದು, ಊಟದ ಪಂಕ್ತಿ ಏಳುವಾಗ ಒಂದೊಂದೇ ಬಿರಿಯಬೇಕು. ಹಾಗಾಗಲು ಎಷ್ಟು ಹೊತ್ತಿಗೆ ಕಿತ್ತ ಮೊಗ್ಗು ಬೇಕು ಎಂಬುದು ಅವರಿಗೆ ಗೊತ್ತಿತ್ತು. ಮದುವೆಯಾದ ಮೇಲೆ ಸ್ಟುಡಿಯೋಗೆ ಹೋಗಿ, ಹಿಂದೆ ದೊಡ್ಡ ಕನ್ನಡಿ ಇಟ್ಟು, ಮುಖವೂ ಜಡೆಯೂ ಒಟ್ಟಿಗೆ ಬರುವಂತೆ ಫೋಟೊ ತೆಗೆಸದ ಮದುಮಗಳೇ ಇರಲಿಲ್ಲ. ಈಗ ಜಿಪ್ಸಿ ಹೂವು ಸಿಕ್ಕಿಸಿದ ತುರುಬು. ಅಥವಾ ಬಟ್ಟೆಯ ಹೂವಿನ ಸಿದ್ಧ ಜಡೆ, ಅದಕ್ಕೂ ಬಾಡಿಗೆ.

ಬೀದಿಗೆಲ್ಲ ಒಂದೇ ಡಾಬು ಇತ್ತು ಎಂಬುದನ್ನೂ ಹೇಳಬೇಕು. ಯಾರ ಮದುವೆಯೇ ಆಗಲಿ, ಡಾಬು ಇದ್ದವರ ಮನೆಯಿಂದ ಅದು ಎರವಲು ಬಂದು ಮದುಮಗಳ ಸೊಂಟ ಏರುತ್ತಿತ್ತು. ವಂಕಿ ಒಬ್ಬರದು, ಮಾಟಿ ಇನ್ನೊಬ್ಬರದು. ಬಳೆಗಾರ ಜಗುಲಿಯ ಮೇಲೆ ಮಲಾರ ಬಿಚ್ಚಿ ತೊಡಿಸಿದ ಹಸಿರು ಗಾಜಿನ ಬಳೆ ಮಾತ್ರ ಅವಳ ಸ್ವಂತದ್ದು.

ಧಾರೆ ಸೀರೆ ಒಂದು ದಿನಕ್ಕೆ ಮುಗಿಯುತ್ತಿರಲಿಲ್ಲ. ಗೌರಿ ಹಬ್ಬಕ್ಕೆ, ಸೀಮಂತಕ್ಕೆ, ಮಗುವಿನ ನಾಮಕರಣಕ್ಕೆ ಅದೇ. ಹಳತಾದ ಮೇಲೆ ಮಗಳಿಗೆ ಲಂಗ. ಬಾಡಿಗೆಯ ಲೆಹೆಂಗಾ ಮಾರನೆಯ ದಿನವೇ ಅಂಗಡಿಗೆ ವಾಪಸು. ಉಳಿದ ಸೀರೆಗಳಿಗೂ ಒಂದು ಕಾಟವಿದೆ: ‘ಹಳೇ ಜರಿ ಸೀರೆ’ ಎಂದು ಕೂಗುತ್ತಾ ಬರುವವರು ಬೆಳ್ಳಿಗಾಗಿ ಕೊಳ್ಳುತ್ತಾರೆ, ಸುಟ್ಟು ಜರಿಯ ಬೆಳ್ಳಿ ತೆಗೆಯುತ್ತಾರೆ. ಕಷ್ಟಕ್ಕೆ ಕೊಟ್ಟವರನ್ನು ನಾನು ದೂರುವುದಿಲ್ಲ. ಕಷ್ಟವಿಲ್ಲದವರು ಮಾತ್ರ ದಯವಿಟ್ಟು ಕೊಡಬೇಡಿ. ಟ್ರಂಕಿನಿಂದ ತೆಗೆದು ಒಮ್ಮೆ ನೆರಳಲ್ಲಿ ಹರವಿ, ಜರಿ ಒಳಗೆ ಬರುವಂತೆ ಮಡಿಕೆ ಬದಲಿಸಿ, ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ನುಸಿಗುಳಿಗೆ ಜರಿಗೆ ತಾಗದಂತೆ ಇಡಿ. ಮನೆಯ ಹುಡುಗಿಯ ಮದುವೆ ಗೊತ್ತಾದಾಗ ಒಂದು ಸಲ ಅವಳ ಹೆಗಲ ಮೇಲೆ ಹಾಕಿ, ಬೀದಿಯ ಬೆಳಕಿನಲ್ಲಿ ನೋಡಿ.